ರಕ್ತ ಕೊಡುವ ಮುನ್ನ ಗಡಿಯಾರ ನೋಡಿ



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಆದರೂ ಗಂಡಸರು ಹೇಳಿಕೊಳ್ಳಲು ನಾಚುವ ಒಂದು ವಿಷಯವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನನ್ನ ಗೆಳೆಯರೊಬ್ಬರಿಗೆ ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಒಂದು ದಿನ ಸಂಬಂಧಿಕರ ಮದುವೆಯಲ್ಲಿ ಬಿರಿಯಾನಿ, ಸಿಹಿ ಉಂಡು, ಸಂಜೆ ನಾಲ್ಕಕ್ಕೆ ಯಾರಿಗೂ ಹೇಳದೆ ಲ್ಯಾಬಿಗೆ ಹೋಗಿ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ 260 ಎಂದಿತ್ತು, ಪಕ್ಕದಲ್ಲಿ 'ಕಡಿಮೆ' ಎಂಬ ಗುರುತು. ಆ ಚೀಟಿ ಜೇಬಿನಲ್ಲಿಟ್ಟುಕೊಂಡು ಎರಡು ತಿಂಗಳು ಮಂಕಾಗಿ ತಿರುಗಿದರು. ಇಂಜೆಕ್ಷನ್ ತೆಗೆದುಕೊಳ್ಳಿ ಎಂದು ಯಾರೋ ಸಲಹೆಯನ್ನೂ ಕೊಟ್ಟರು.

ಕೊನೆಗೆ ವೈದ್ಯರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ರಕ್ತ ಕೊಟ್ಟದ್ದು ಎಷ್ಟು ಹೊತ್ತಿಗೆ? ಊಟ ಆಗಿತ್ತೇ?" ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಬಂದದ್ದು 410!

ಇದರಲ್ಲಿ ಆಶ್ಚರ್ಯವಿಲ್ಲ. ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಹೊತ್ತೇರಿದಂತೆ ಇಳಿಯುತ್ತದೆ. 30–40ರ ವಯಸ್ಸಿನವರಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಶೇಕಡಾ 20ರಿಂದ 25ರಷ್ಟು ಕಡಿಮೆಯಾಗಿರುತ್ತದೆ. ಊಟವೂ ಅದನ್ನು ತಗ್ಗಿಸುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 74 ಗಂಡಸರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿದಾಗ ಸರಾಸರಿ ಶೇಕಡಾ 25ರಷ್ಟು ಇಳಿಯಿತು. ಮಧ್ಯಾಹ್ನ ಉಂಡು ತೂಕಡಿಸುವ ಹುಡುಗನನ್ನು ಕೊನೆಯ ಪೀರಿಯಡ್‌ನಲ್ಲಿ ಪ್ರಶ್ನೆ ಕೇಳಿ 'ದಡ್ಡ' ಎಂದು ಬರೆದುಬಿಡಬಹುದೇ?

ಆದ್ದರಿಂದ ನೆನಪಿಡಿ. ರಾತ್ರಿ ಚೆನ್ನಾಗಿ ನಿದ್ರಿಸಿ, ಏನೂ ತಿನ್ನದೆ, ಬೆಳಿಗ್ಗೆ 7ರಿಂದ 10ರೊಳಗೆ ರಕ್ತ ಕೊಡಿ. ನೀರು ಕುಡಿಯಬಹುದು, ಚಹಾ, ಬಿಸ್ಕತ್ತು ಬೇಡ. ಜ್ವರವಿದ್ದರೆ ಮುಂದೂಡಿ. ರಾತ್ರಿ ಪಾಳಿಯವರು ಅದನ್ನು ವೈದ್ಯರಿಗೆ ತಿಳಿಸಿ. ರಂಜಾನಿನಲ್ಲಿ 'ರೋಜಾ ಇದೆ, ಹೊಟ್ಟೆ ಖಾಲಿಯೇ' ಎಂದುಕೊಳ್ಳಬೇಡಿ. ಸಹರಿ ಮಾಡಿ ಮೂರ್ನಾಲ್ಕು ಗಂಟೆಯಷ್ಟೇ ಆಗಿರುತ್ತದೆ, ನಿದ್ರೆಯೂ ಕೆಟ್ಟಿರುತ್ತದೆ. ಅವಸರವಿಲ್ಲದಿದ್ದರೆ ಈದ್ ಕಳೆಯಲಿ. ಕಡಿಮೆ ಬಂದರೆ ಇನ್ನೊಂದು ದಿನ ಬೆಳಿಗ್ಗೆ ಮತ್ತೆ ಮಾಡಿಸಿ. ಅಮೆರಿಕದ ಮೂತ್ರಾಂಗ ತಜ್ಞರ ಸಂಘವು 2018ರ ತನ್ನ ಮಾರ್ಗಸೂಚಿಯಲ್ಲಿ, ಬೆಳಗಿನ ಎರಡು ಪ್ರತ್ಯೇಕ ಪರೀಕ್ಷೆಗಳಲ್ಲಿ 300ಕ್ಕಿಂತ ಕಡಿಮೆ ಬಂದು, ರೋಗಲಕ್ಷಣವೂ ಇದ್ದರೆ ಮಾತ್ರ ಕೊರತೆಯೆಂದು ಪರಿಗಣಿಸುತ್ತದೆ.

ಇನ್ನೊಂದು ಮಾತು. ಹೊರಗಿನಿಂದ ಈ ಹಾರ್ಮೋನು ಚುಚ್ಚಿಸಿಕೊಂಡರೆ ವೀರ್ಯಾಣುಗಳ ಉತ್ಪಾದನೆ ಕುಗ್ಗುತ್ತದೆ, ನಿಂತೂಹೋಗಬಹುದು. ಮತ್ತೆ ಸರಿಹೋಗಲು ತಿಂಗಳುಗಳೇ ಬೇಕು. ಮಗು ಬೇಕೆಂದವನು ಆ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಇದ್ದ ದಾರಿಯನ್ನೂ ತಾನೇ ಮುಚ್ಚಿಕೊಳ್ಳುತ್ತಿದ್ದ. ಮಕ್ಕಳಾಗದಿದ್ದಾಗ ಗಂಡಸು ಮೊದಲು ಮಾಡಿಸಬೇಕಾದದ್ದು ವೀರ್ಯ ಪರೀಕ್ಷೆ. ಹೆಂಡತಿಯೊಬ್ಬಳನ್ನೇ ಆಸ್ಪತ್ರೆಗೆ ಅಲೆದಾಡಿಸುವುದು ನ್ಯಾಯವಲ್ಲ.

ನಾಚಿಕೆಯಿಂದ ಒಬ್ಬರೇ ಹೋಗಿ, ಒಂದೇ ಚೀಟಿ ನೋಡಿ ಎದೆಗುಂದಬೇಡಿ. ತಿಳಿದವರನ್ನು ಕೇಳುವುದೂ ವಿದ್ಯೆಯೇ.