ಆದಿಲಶಾಹಿಯ ಸಂಧಿಪತ್ರಗಳಲ್ಲಿ ಸೊನ್ನಲಿಗೆಯೂ ಕಲ್ಯಾಣವೂ



ಸೊನ್ನಲಿಗೆಯೆಂದೊಡನೆ ಸಿದ್ಧರಾಮೇಶ್ವರರ ಕೆರೆಯೂ, ಕಲ್ಯಾಣವೆಂದೊಡನೆ ಬಸವಣ್ಣನವರ ಮಹಾಮನೆಯೂ ಭಕ್ತರ ಕಣ್ಣ ಮುಂದೆ ನಿಲ್ಲುವುವು. ಆದರೆ ತಿಕೋಟೆಯಿಂದ ಅರ್ಧ ದಿನದ ಹಾದಿಯಾದ ವಿಜಾಪುರದ ದರಬಾರದಲ್ಲಿ ಒಂದು ಕಾಲಕ್ಕೆ ಈ ಎರಡು ಕ್ಷೇತ್ರಗಳೂ ಸಂಧಿಪತ್ರದ ಬಾಬುಗಳಾಗಿದ್ದುವು. ಕೊಡುವವರಾಗಲಿ ಕೊಳ್ಳುವವರಾಗಲಿ ಅಲ್ಲಿಯ ಒಕ್ಕಲು ಮಕ್ಕಳನ್ನು ಒಂದು ಮಾತು ಕೇಳಿದಂತೆ ಕಾಣದು.

ಕ್ರಿ. ಶ. ೧೫೨೪ರಲ್ಲಿ ಇಸ್ಮಾಯಿಲ ಆದಿಲಶಾಹನ ಸೋದರಿಯನ್ನು ಅಹಮದನಗರದ ಬುರ್ಹಾನ ನಿಜಾಮಶಾಹನಿಗೆ ಕೊಟ್ಟು ಸೊಲ್ಲಾಪುರದಲ್ಲಿಯೇ ವಿವಾಹವಾಯಿತು. ಆ ಊರ ಕೋಟೆಯನ್ನು ಬಳುವಳಿಯಾಗಿ ಕೊಡುವ ಮಾತಾಗಿತ್ತೆಂದು ವರನ ಕಡೆಯವರು. ಅಂಥ ಮಾತೇ ಆಗಿಲ್ಲವೆಂದು ವಧುವಿನ ಕಡೆಯವರು. ಬೀಗತನವು ಯುದ್ಧಕ್ಕೆ ತಿರುಗಿತೆಂದು, ವಿಜಾಪುರದ ಆಶ್ರಯದಲ್ಲಿ ಇತಿಹಾಸವನ್ನು ಬರೆದ ಫೆರಿಶ್ತಾ ಹೇಳುವನು. ಬರಹಕ್ಕೆ ಇಳಿಯದ ಕರಾರಿನ ಫಲವಿದು!

ಇದಾದ ನಾಲ್ವತ್ತು ವರ್ಷಗಳಿಗೆ, ೧೫೬೪ರ ಸುಮಾರಿಗೆ, ಅದೇ ಕೋಟೆಯು ಮತ್ತೊಮ್ಮೆ ಬಳುವಳಿಯಾಯಿತು. ಈ ಸಲ ಕೊಟ್ಟವನು ಹುಸೇನ ನಿಜಾಮಶಾಹ. ಅವನ ಮಗಳು ಚಾಂದಬೀಬಿಯು ಒಂದನೆಯ ಅಲಿ ಆದಿಲಶಾಹನ ಕೈಹಿಡಿದು ಬಂದಾಗ ಸೊಲ್ಲಾಪುರವೂ ಅವಳೊಡನೆ ಬಂದಿತು. ಅಲಿಯ ತಂಗಿಯು ಹುಸೇನನ ಮಗನಿಗೆ ಹೋದಳು. ಈ ಬಾರಿ ಮಾತು ತಪ್ಪಲಿಲ್ಲ, ಏಕೆಂದರೆ ಇಬ್ಬರ ದೃಷ್ಟಿಯೂ ವಿಜಯನಗರದ ಮೇಲಿತ್ತು. ೧೫೬೫ರ ಜನವರಿಯಲ್ಲಿ ರಕ್ಕಸ-ತಂಗಡಗಿಯ ಕಾಳಗದಲ್ಲಿ ರಾಮರಾಯನು ಮಡಿದನು.

ಬಳುವಳಿಯೊಡನೆ ಬಂದ ಆ ಹೆಣ್ಣುಮಗಳು ಸಾಮಾನ್ಯಳಲ್ಲ. ೧೫೮೦ರಲ್ಲಿ ಪತಿಯು ಕೊಲೆಯಾದ ಬಳಿಕ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯವನ್ನು ನೋಡಿಕೊಂಡಳು. ೧೫೯೬ರಲ್ಲಿ ಅಕಬರನ ಮಗ ಮುರಾದನು ಅಹಮದನಗರವನ್ನು ಮುತ್ತಿದಾಗ, ತವರಿನ ರಾಜಧಾನಿಯನ್ನು ಉಳಿಸಿಕೊಳ್ಳಲು ವರ್ಹಾಡ ಪ್ರಾಂತವನ್ನು ಬಿಟ್ಟುಕೊಟ್ಟು ಸಂಧಿಯನ್ನು ಒಪ್ಪಿದಳು. ಸಂಧಿಯ ಬಾಬಾಗಿ ಬಂದವಳೇ ಸಂಧಿಯನ್ನು ಮಾಡುವವಳಾದಳು.

ಮುಂದೆ ೧೬೩೬ರಲ್ಲಿ ಮಹಮ್ಮದ ಆದಿಲಶಾಹನು ಶಹಾಜಹಾನನ ಸಾರ್ವಭೌಮತ್ವವನ್ನೊಪ್ಪಿ ೨೦ ಲಕ್ಷ ರೂಪಾಯಿಗಳ ಕಾಣಿಕೆಯನ್ನು ಕೊಡಬೇಕಾಯಿತು. ಅಳಿದ ನಿಜಾಮಶಾಹಿಯಿಂದ ಸೊಲ್ಲಾಪುರವೂ ಪರಾಂಡೆಯೂ ಅವನ ಪಾಲಿಗೆ ಬಂದುವು. ಈ ಕರಾರಿಗೆ ಬಾದಶಹನ ಅಂಗೈಯ ಮುದ್ರೆಯೂ ಚಿನ್ನದ ಫಲಕವೂ ಸಾಕ್ಷಿಯಾದುವಂತೆ. ಆ ಚಿನ್ನವು ಇಪ್ಪತ್ತೊಂದು ವರ್ಷ ಬಾಳಿತು. ೧೬೫೬ರಲ್ಲಿ ಮಹಮ್ಮದನು ತೀರಿಕೊಂಡೊಡನೆ, ಎರಡನೆಯ ಅಲಿಯು ಅವನ ಔರಸಪುತ್ರನಲ್ಲವೆಂಬ ನೆವವನ್ನೊಡ್ಡಿ ಮೊಗಲರು ದಂಡೆತ್ತಿದರು. ೧೬೫೭ರಲ್ಲಿ ಔರಂಗಜೇಬನು ಮೊದಲು ಬೀದರವನ್ನೂ, ಬಳಿಕ ಬಹುದಿನಗಳ ಮುತ್ತಿಗೆಯಿಂದ ಕಲ್ಯಾಣವನ್ನೂ ಹಿಡಿದನು. ಆಗಿನ ಸಂಧಿಯಲ್ಲಿ ಬೀದರ, ಕಲ್ಯಾಣ, ಪರಾಂಡೆಗಳ ಹೆಸರುಗಳು ದಂಡದ ಹಣದೊಡನೆ ಒಂದೇ ಸಾಲಿಗೆ ಸೇರಿದುವು. ಶರಣರು ಅನುಭಾವಗೋಷ್ಠಿ ನಡೆಸಿದ ಊರು ಅಲ್ಲಿ ಒಂದು ಕೋಟೆಯ ಹೆಸರು ಮಾತ್ರ.

೧೬೮೬ರ ಸೆಪ್ಟೆಂಬರದಲ್ಲಿ ಸಿಕಂದರ ಆದಿಲಶಾಹನು ಔರಂಗಜೇಬನಿಗೆ ಶರಣಾದಾಗ, ವಿಜಾಪುರದ ಕಡೆಯಿಂದ ಕರಾರು ಮಾಡಿಕೊಳ್ಳಲು ಸ್ವತಂತ್ರವಾದ ರಾಜ್ಯವೇ ಉಳಿಯಲಿಲ್ಲ.