ಹಿಂದಿರುಗಲು ಒಂದು ಮನೆ

(ಕೊಚ್ಚಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತರೂಪ)



ತಿರುವನಂತಪುರದಲ್ಲಿ ‘ಅಮ್ಮವೀಡು’ ಎಂಬ ಹೆಸರನ್ನು ಮೊದಲು ಕೇಳಿದಾಗ ಅದು ಮಹಾರಾಣಿಯ ಅರಮನೆಯೆಂದೇ ನಾನು ಭಾವಿಸಿದ್ದೆ. ಅದು ತಪ್ಪು ತಿಳಿವಳಿಕೆ. ತಿರುವಾಂಕೂರಿನಲ್ಲಿ ಮಹಾರಾಣಿಯೆಂದರೆ ಅರಸನ ತಾಯಿ, ಸೋದರಿ, ಇಲ್ಲವೆ ಸೋದರಿಯ ಮಗಳು. ಅರಸನ ಕೈಹಿಡಿದವಳು ಬರಿಯ ‘ಅಮ್ಮಚ್ಚಿ’. ಅರುಮನ, ವಡಶ್ಶೇರಿ, ನಾಗರಕೋಯಿಲ್, ತಿರುವಟ್ಟಾರ್ ಎಂಬ ನಾಲ್ಕು ಅಮ್ಮವೀಡುಗಳು ಇವರವು. ಅಮ್ಮಚ್ಚಿಯ ಮಗನು ‘ತಂಬಿ’, ಸಿಂಹಾಸನ ಅವನದಲ್ಲ. ಈ ಕಟ್ಟಳೆಯನ್ನು ಮೀರಿ ರಾಜ್ಯ ಬಯಸಿದ ಪಪ್ಪು ತಂಬಿ, ರಾಮನ್ ತಂಬಿಯರು 1729ರಲ್ಲಿ ಪಟ್ಟವೇರಿದ ಮಾರ್ತಾಂಡವರ್ಮನೊಡನೆ ಸೆಣಸಿ ಅಳಿದರು. ಕೊಚ್ಚಿಯಲ್ಲಿಯೂ ಅರಸನ ಪತ್ನಿ ‘ನೇತ್ಯಾರಮ್ಮ’ಳೇ ಹೊರತು ರಾಣಿಯಲ್ಲ. 1914ರಿಂದ 1932ರವರೆಗೆ ಆಳಿದ ರಾಮವರ್ಮನ ಪತ್ನಿ ಪಾರುಕುಟ್ಟಿ ನೇತ್ಯಾರಮ್ಮ ಆಡಳಿತದ ಮೇಲೆ ಬಹಳ ಪ್ರಭಾವ ಬೀರಿದವರು. ಆದರೂ ಅವರ ಮಕ್ಕಳಿಗೆ ಪಟ್ಟದ ಹಕ್ಕಿರಲಿಲ್ಲ.

ಇಂತಹ ನಾಡಿನಲ್ಲಿ ಮದುವೆಯಿಂದ ರಾಜ್ಯಗಳನ್ನು ಬೆಸೆಯುವುದು ಸುಲಭವಲ್ಲ. ನಮ್ಮಲ್ಲಿಯೋ ಅದು ಹಳೆಯ ರಾಜನೀತಿ. ಕದಂಬ ಕಾಕುತ್ಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ಅರಸುಕುಲಗಳಿಗೆ ಕೊಟ್ಟುದನ್ನು ತಾಳಗುಂದದ ಶಾಸನ ಹೊಗಳುತ್ತದೆ. ಅಲ್ಲಿ ತಂದೆಯ ಹೆಸರಿದೆ. ಹೆಣ್ಣುಮಕ್ಕಳ ಹೆಸರು ಒಂದೂ ಇಲ್ಲ.

ಈ ಎರಡು ರೀತಿಗಳೂ ಸಂಧಿಸಿದ್ದು ತುಳುನಾಡಿನಲ್ಲಿ. ಉಳ್ಳಾಲದ ಚೌಟರು, ನೇತ್ರಾವತಿಯಾಚೆಯ ಮಂಗಳೂರಿನ ಬಂಗರು ಇಬ್ಬರೂ ಜೈನರು, ಅಳಿಯಸಂತಾನದವರು. ಅಬ್ಬಕ್ಕನನ್ನು ಬಂಗರಾಜನಿಗೆ ಕೊಟ್ಟು ಎರಡು ಮನೆತನಗಳು ನಂಟು ಬೆಳೆಸಿದವು, ನಂಟು ಮುರಿಯಿತು. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚೆಂಬುದು ಅನೇಕ ಇತಿಹಾಸಕಾರರ ಮತ. ನಾನು ಹೇಳುತ್ತಿರುವುದು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಕಂಡು ಬರೆದ ರಾಣಿಯನ್ನು ಕುರಿತು. ಗಂಡ ಕೊಟ್ಟ ಒಡವೆಗಳನ್ನು ಹಿಂದಿರುಗಿಸಿ, ಆಕೆ ತನ್ನ ರಾಜ್ಯವನ್ನು ತಾನೇ ಆಳಿದಳು. 1503ರಲ್ಲಿ ಇದೇ ಕೊಚ್ಚಿಯಲ್ಲಿ ಕೋಟೆ ಕಟ್ಟಿದ್ದ ಪೋರ್ಚುಗೀಸರು ಬಂಗರಾಜನ ಪಕ್ಷ ಹಿಡಿದರು. ಆಕೆ ಕೆಳದಿಯ ವೆಂಕಟಪ್ಪ ನಾಯಕನ ನೆರವು ಪಡೆದಳು. ದೆಲ್ಲಾ ವಾಲೆ ಕಂಡಾಗ ಆಕೆ ಸಾದಾ ಹತ್ತಿಬಟ್ಟೆಯುಟ್ಟು, ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ನಡೆದುಹೋಗುತ್ತಿದ್ದಳಂತೆ.

ಅಬ್ಬಕ್ಕನ ಶೌರ್ಯವನ್ನು ನಾವು ಕೊಂಡಾಡುತ್ತೇವೆ. ಆದರೆ ಕದಂಬರ ಹೆಣ್ಣುಮಕ್ಕಳಲ್ಲಿಯೂ ಶೌರ್ಯ ಇದ್ದಿರಬಹುದು. ಅದನ್ನು ತೋರಲು ಕಾಲಡಿಯ ನೆಲ ಬೇಕು. ಅಬ್ಬಕ್ಕನಿಗೆ ಉಳ್ಳಾಲವಿತ್ತು. ತಾಯಿಯ ಕಡೆಯ ಕಟ್ಟು ಎಲ್ಲ ಹೆಣ್ಣುಗಳಿಗೂ ಸುಖ ತಂದಿತೆಂದು ನಾನು ಹೇಳಲಾರೆ. ತರವಾಡಿನ ಬೀಗದ ಕೈ ಕಾರಣವನಾದ ಸೋದರಮಾವನ ಸೊಂಟದಲ್ಲಿಯೇ ಇತ್ತು. ಕೇರಳದಲ್ಲಿ ಆ ಅವಿಭಕ್ತ ಕುಟುಂಬವೇ 1976ರಲ್ಲಿ ಕಾನೂನಿನಿಂದ ಕೊನೆಗೊಂಡಿತು.

ಬಂಧುಗಳೆ, ಹೊರನಾಡಿನಲ್ಲಿರುವ ನಾವೂ ಊರಿನ ನಂಟು ಕಡಿಯದಿರಲೆಂದು ಮಗಳನ್ನು ಊರಿನ ಕಡೆಗೇ ಕೊಡುತ್ತೇವೆ. ಅದೂ ಒಂದು ಸಂಧಿಯೇ. ಅದರ ಭಾರ ಹೊರುವವಳು ಅವಳು. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ. ಮದುವೆಯ ಸಂಭ್ರಮ ಮುಗಿದೊಡನೆ ಹಕ್ಕುಬಿಡುಗಡೆ ಪತ್ರವನ್ನು ಅವಳ ಮುಂದೆ ಚಾಚುವ ಕೈ ನಮ್ಮದೇ ಅಲ್ಲವೆ? ಆ ಸಹಿಯನ್ನು ಕೇಳುವ ಮುನ್ನ, ಅವಳು ಹಿಂದಿರುಗಬೇಕಾಗಿ ಬಂದರೆ ಯಾವ ಮನೆಗೆ ಬರಬೇಕೆಂದು ಒಮ್ಮೆ ಯೋಚಿಸೋಣ.