ನೀರಿಳಿದ ಮೇಲೆ ಪವನಾ

ಪುಣೆಯಲ್ಲಿ ಕ್ಯಾಮೆರಾ ಕೊಂಡ ನಮ್ಮೋರೆಲ್ಲ ಮೊದಲು ಓಡೋದು ಪವನಾ ಲೇಕ್‌ಗೆ, ಅದೂ ಮಳೆಗಾಲದಲ್ಲಿ. ಹಿಂದೆ ತುಂಗ್, ತಿಕೋನಾ ಕೋಟೆಗಳು, ಮುಂದೆ ನೀರು, ಸುತ್ತ ಹಸಿರು. ನಾನೂ ನೂರಾರು ತೆಗೆದಿದ್ದೀನಿ. ಎಲ್ಲಾ ಒಂದೇ ಥರ.

ಕಳೆದ ವರ್ಷ ಮೇ ತಿಂಗಳಲ್ಲಿ ಹೋದೆ. ಲೇಕ್ ಅಂತೀವಿ, ಅದು ಡ್ಯಾಮ್ ನೀರು, ಬೇಸಿಗೆಗೆ ಇಳಿಯುತ್ತೆ. ಬಿರುಕು ಬಿಟ್ಟ ನೆಲದ ಮೇಲೆ ವಾಘೇಶ್ವರನ ಹಳೇ ಕಲ್ಲಿನ ಗುಡಿ ಎದ್ದಿತ್ತು. ಬೆಳಿಗ್ಗೆ ಆರೂಕಾಲರ ಓರೆ ಬಿಸಿಲಲ್ಲಿ ಕಲ್ಲಿನ ಸಂದುಸಂದೂ ಕಾಣುತ್ತೆ. ಎಂಟಾದ ಮೇಲೆ ಎಲ್ಲಾ ಚಪ್ಪಟೆ. ವೈಡ್ ಲೆನ್ಸ್ ಹಾಕಿ, ಟ್ರೈಪಾಡ್ ಮೊಣಕಾಲೆತ್ತರಕ್ಕೆ ಇಳಿಸಿ. ಬಿರುಕುಗಳೇ ಕಣ್ಣನ್ನ ಗುಡಿ ಕಡೆ ಕರ್ಕೊಂಡು ಹೋಗ್ತವೆ.

ಎಮ್ಮೆ ಮೇಯಿಸ್ತಿದ್ದ ಕಾಕಾ ಒಬ್ಬರು ಮರಾಠಿಯಲ್ಲಿ ಕೇಳಿದ್ರು: "ಗುಡಿ ಬಂತಲ್ಲ, ನಮ್ಮ ಮನೆ ಬಂತಾ?" ಕೈ ತೋರಿಸಿದ ಕಡೆ ಬರೀ ನೀರು.

ನಮ್ಮದು ಸಾಗರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜಿ ಮನೆ ಮುಳುಗಡೆ ಆಯ್ತು. ನೀರಿಳಿದಾಗ ಮಡೆನೂರಿನ ಹಳೇ ಡ್ಯಾಮ್ ಕಾಣುತ್ತೆ, ಬಾರೋ ತೋರಿಸ್ತೀನಿ ಅಂತಿದ್ರು. ನನಗೆ ರಜೆ ಸಿಗಲಿಲ್ಲ. ಈಗ ಜಾಗ ತೋರಿಸೋರೇ ಇಲ್ಲ.

ಕಾಕಾ ಅವರನ್ನ ನೀರಂಚಲ್ಲಿ ನಿಲ್ಲಿಸಿ, ಕೈ ಚಾಚಿದ ಹಾಗೇ ತೆಗೆದೆ. ಸ್ಕ್ರೀನ್ ಮೇಲಿರೋದು ಅದೇ ಫೋಟೋ.